ಕುರ್ಚಿ ಕೌಂಟರಿನ ಕಿಟಕಿ

ಅಜ್ಜಂಪುರದ ನಮ್ಮ ಮನೆಯ ಅಡುಗೆಮನೆಗೆ ಕಿಟಕಿ ಇರಲಿಲ್ಲ. ಮನೆ ಕಟ್ಟಿಸಿದ ಮುತ್ತಜ್ಜನಿಗೆ ಅಡುಗೆಮನೆಯೊಳಗೂ ಮನುಷ್ಯರು ಇರುತ್ತಾರೆ ಅನ್ನುವುದು ಹೊಳೆದಿರಲಿಕ್ಕಿಲ್ಲ. ಸೂರಿನಲ್ಲಿ ಒಂದು ಗಾಜಿನ ಹೆಂಚಿತ್ತು. ವರ್ಷಗಟ್ಟಲೆ ಹೊಗೆ ಕುಡಿದು ಅದು ಯಾವುದು ಗಾಜು, ಯಾವುದು ಮಣ್ಣು ಎಂದು ಗೊತ್ತಾಗದ ಹಾಗೆ ಆಗಿತ್ತು. ಒಂದು ಬಲ್ಬೂ ಇತ್ತು. ಹಗಲು ಹೊತ್ತು ಅದನ್ನು ಹಾಕಿದರೆ ಅಪ್ಪ ಎಲ್ಲಿದ್ದರೂ ಅದು ಹೇಗೋ ಗೊತ್ತಾಗಿ, "ಏನು, ಸೂರ್ಯ ಆಗ್ಲೇ ಮುಳುಗಿದ್ನಾ?" ಎಂದು ಕೇಳುತ್ತಿದ್ದರು. ಹಾಗಾಗಿ ಅವ್ವ ಅಕ್ಕಿಯ ಕಲ್ಲು ಆರಿಸಲು ಮೊರ ಹಿಡಿದು ಹಿತ್ತಲಿಗೆ ಹೋಗುತ್ತಿದ್ದಳು. ಹಾಲು ಉಕ್ಕಿದ್ದು ಅವಳಿಗೆ ವಾಸನೆಯಿಂದ ತಿಳಿಯುತ್ತಿತ್ತು.

ಅಪ್ಪನದು ಕೊಬ್ಬರಿ ವ್ಯಾಪಾರ. ಅಡುಗೆಮನೆಯ ಗೋಡೆಯಾಚೆಗೇ ಪಕ್ಕದಂಗಳ, ಅಲ್ಲೊಂದು ಹೊಂಗೆಮರ, ಅದರಡಿ ಬೆಂಚು. ಬೆಳಗಾದರೆ ದಲ್ಲಾಳಿಗಳು ಆ ಬೆಂಚಿನ ಮೇಲೆ ಕೂತು ದರ ಮಾತಾಡುತ್ತಿದ್ದರು. ಅಪ್ಪ ಅಲ್ಲಿಂದಲೇ "ನಾಲ್ಕು ಕಾಫಿ" ಎಂದು ಕೂಗುವರು. ಬಂದವರು ಯಾರು, ಎಷ್ಟು ಜನ ಎಂದು ಅವ್ವನಿಗೆ ಕಾಣದು. ಮಾಡಿ ಕೊಡುವಳು. ಅದನ್ನು ನಾನು ನಡುಮನೆ, ಪಡಸಾಲೆ, ಜಗಲಿ ದಾಟಿಸಿ, ಮನೆ ಸುತ್ತಿಸಿ ಒಯ್ಯುವ ಹೊತ್ತಿಗೆ ಅರ್ಧ ಆರಿರುತ್ತಿತ್ತು. ಹೋಗಿ ನೋಡಿದರೆ ಅಪ್ಪನೂ ಸೇರಿ ಅಲ್ಲಿರುವುದು ಮೂರೇ ಜನ. ನಾಲ್ಕನೆಯದನ್ನು ಅಪ್ಪ ಏನೂ ಗೊತ್ತಿಲ್ಲದವರ ಹಾಗೆ ಎತ್ತಿಕೊಳ್ಳುತ್ತಿದ್ದರು.

ಅವ್ವ ಮೊದಲೂ ಒಂದೆರಡು ಸಲ ಕಿಟಕಿ ಕೇಳಿದ್ದುಂಟು. ಆದರೆ ಆಗ ಅವಳ ಕೈಯಲ್ಲಿ ಸಾಕ್ಷಿ ಇರಲಿಲ್ಲ. ಸಾಕ್ಷಿ ಸಿಕ್ಕಿದ್ದು ಎಂಬತ್ತರ ದಶಕದ ನಡುವೆ, ಎದುರುಮನೆಗೆ ಟಿವಿ ಬಂದಮೇಲೆ.

ಆಗ ಟಿವಿ ನೋಡುವುದೆಂದರೆ ಒಬ್ಬರು ಮಾಡಿನ ಮೇಲೆ ಹತ್ತಿ ಆಂಟೆನಾ ತಿರುಗಿಸಬೇಕು, ಒಬ್ಬರು ಬಾಗಿಲಲ್ಲಿ ನಿಂತು "ಬಂತು, ಬಂತು, ಹೋಯ್ತು" ಎಂದು ಕೂಗಬೇಕು. ಒಂದು ಭಾನುವಾರ ಹಿಂದಿಯಲ್ಲಿ ಮನೆ ರಿಪೇರಿಯದೇನೋ ಕಾರ್ಯಕ್ರಮ ಬಂತು. ನಮಗ್ಯಾರಿಗೂ ಹಿಂದಿ ಬರದು, ಬರಬೇಕಾಗಿಯೂ ಇರಲಿಲ್ಲ. ಒಬ್ಬಾಕೆ ಕತ್ತಲೆ ಅಡುಗೆಮನೆಯಲ್ಲಿ ಕಣ್ಣೊರೆಸಿಕೊಳ್ಳುತ್ತಾಳೆ. ಇಸ್ತ್ರಿ ಅಂಗಿಯ ಇಬ್ಬರು ಬಂದು ಗೋಡೆ ಮುಟ್ಟಿ ತಲೆಯಾಡಿಸುತ್ತಾರೆ. ನಡುವೆ ಸೋಪಿನ ಜಾಹೀರಾತು. ಸೋಪು ಮುಗಿಯುವ ಹೊತ್ತಿಗೆ ಗೋಡೆಯಲ್ಲಿ ದೊಡ್ಡ ಗಾಜಿನ ಕಿಟಕಿ, ಅದಕ್ಕೆ ಹೂವಿನ ಪರದೆ, ಆಕೆ ಬೆಳಕಿನಲ್ಲಿ ನಿಂತು ನಗುನಗುತ್ತಾ ಸಾರು ತಿರುವುತ್ತಿದ್ದಾಳೆ. ಅವಳ ಸೀರೆಯ ಮೇಲೆ ಒಂದು ಚೂರು ಧೂಳಿಲ್ಲ.

ಅವ್ವ ಮನೆಗೆ ಬಂದವಳೇ ಸೆರಗು ಸಿಕ್ಕಿಸಿಕೊಂಡು ಅಪ್ಪನ ಮುಂದೆ ನಿಂತಳು. "ಅರ್ಧ ಗಂಟೇಲಿ ಕಿಟಕಿ ಇಟ್ಟುಬಿಟ್ರು ಕಣ್ರೀ. ನಾನೇ ಕಣ್ಣಾರೆ ಕಂಡೆ. ನಂಗೂ ಒಂದು ಬೇಕು. ಒರಳಿನ ಮೇಲೆ ಬೆಳಕು ಬೀಳ್ಬೇಕು, ಅಂಗಳದಲ್ಲಿ ಯಾರು ಕೂತವ್ರೆ ಅಂತ ಕಾಣ್ಬೇಕು. ಅಷ್ಟೇ."

ಅಪ್ಪನಿಗೆ ಸ್ಪರ್ಧೆಯ ಹುಚ್ಚು. ದೆಹಲಿಯವರು ಅರ್ಧ ಗಂಟೆಯಲ್ಲಿ ಮಾಡಿದ್ದನ್ನು ತಾವು ಒಂದು ದಿನದಲ್ಲಿ ಮಾಡಿಸುವುದಾಗಿ ಒಪ್ಪಿಕೊಂಡರು. ಒಂದೇ ಷರತ್ತು. "ಹೊಸ ಮರ ಮಾತ್ರ ಬ್ಯಾಡ. ಈಗಿನ ಮರ ಒಂದು ಮರಾನಾ? ಹಳೇ ಮನೆ ಬಿಚ್ಚಿದ್ದು ಎಲ್ಲಾದ್ರೂ ಸಿಕ್ರೆ ತರಣ."

ಅದು ಎಲ್ಲಿ ಸಿಗುತ್ತದೆ ಎಂದು ಬಾಯಿ ಸುಮ್ಮನಿರದೆ ನಾನು ಹೇಳಿದೆ. ಆಗ ನಾನು ತರೀಕೆರೆಯ ಕಾಲೇಜಿಗೆ ದಿನಾ ಬಸ್ಸಿನಲ್ಲಿ ಹೋಗಿಬರುತ್ತಿದ್ದೆ. ಅಲ್ಲಿಯ ಹಳೇ ಟಾಕೀಸನ್ನು ಬಿಚ್ಚುತ್ತಿದ್ದದ್ದನ್ನೂ ತೊಲೆ, ಬಾಗಿಲು ರಾಶಿ ಹಾಕಿದ್ದನ್ನೂ ಬಸ್ಸಿನಿಂದಲೇ ಕಂಡಿದ್ದೆ.

"ಯಾವ ಟಾಕೀಸು? ಅದೇನಾ?" ಎಂದಳು ಅವ್ವ.

"ಅದೇ" ಎಂದೆ. ಅಪ್ಪ ಹೆಗಲ ಟವೆಲನ್ನು ತೆಗೆದು, ಕೊಡವಿ, ಮತ್ತೆ ಮಡಿಸತೊಡಗಿದರು.

ಅದರ ಕತೆ ನಮಗೆಲ್ಲ ಬಾಯಿಪಾಠ. ಮದುವೆಯಾದ ಹೊಸತರಲ್ಲಿ ಅಪ್ಪ ಅವ್ವನನ್ನು ಅಲ್ಲಿಗೆ ಸಿನಿಮಾಕ್ಕೆ ಕರೆದೊಯ್ದಿದ್ದರು. ಬಸ್ಸು ತಡವಾಗಿತ್ತು. ಇವರು ಕುರ್ಚಿ ಟಿಕೆಟ್ಟಿನ ಕೌಂಟರಿನೊಳಗೆ ಕೈ ತೂರುವುದಕ್ಕೂ ಒಳಗಿನವನು "ಕುರ್ಚಿ ಮುಗೀತು" ಎಂದು ಹಲಗೆ ಎಳೆಯುವುದಕ್ಕೂ ಸರಿಹೋಯಿತು. ನೆಲದ ಟಿಕೆಟ್ಟು ಬೇಕಾದಷ್ಟಿತ್ತು. "ನೆಲದಲ್ಲೇ ಕೂರಣ ನಡೀರಿ" ಅಂದಳಂತೆ ಅವ್ವ. ಕೊಬ್ಬರಿ ಮಂಡಿಯವರ ಮನೆಯ ಹೊಸ ಸೊಸೆ ನೆಲದ ಮೇಲೆ ಕೂರುವುದುಂಟೆ? ಅಪ್ಪ "ಮುಂದಿನ ವಾರ ಬರಣ" ಎಂದು ಅವಳನ್ನು ವಾಪಸು ಬಸ್ಸು ಹತ್ತಿಸಿದರು. ನಾನು ಹುಟ್ಟಿ, ಬೆಳೆದು, ಕಾಲೇಜು ಸೇರಿದರೂ ಆ ಮುಂದಿನ ವಾರ ಬಂದಿರಲಿಲ್ಲ.

ಶನಿವಾರ ಕಾಲೇಜು ಬಿಟ್ಟಮೇಲೆ ಅಪ್ಪನ ಜೊತೆ ನಾನೂ ಟಾಕೀಸಿನ ಹತ್ತಿರ ಹೋದೆ. ಕೊಬ್ಬರಿಕಾಯಿಯನ್ನು ಕಿವಿಯ ಹತ್ತಿರ ಅಲ್ಲಾಡಿಸಿ ಒಳಗಿನ ಗಿಟುಕು ಒಣಗಿದೆಯೋ ಇಲ್ಲವೋ ಎಂದು ಹೇಳುವುದರಲ್ಲಿ ಅಪ್ಪನನ್ನು ಮೀರಿಸಿದವರು ಸುತ್ತಿನಲ್ಲಿ ಇರಲಿಲ್ಲ. ಅದೇ ಕಿವಿಯಿಂದ ಮರವನ್ನೂ ಪರೀಕ್ಷೆ ಮಾಡಿದರು. ಗೆಣ್ಣಿನಿಂದ ತಟ್ಟಿದರು, ಕಿವಿಗೊಟ್ಟರು, ಉಗುರಿನಲ್ಲಿ ಗೀರಿ ಮೂಸಿದರು. "ಸಾಗುವಾನಿ" ಎಂದು ತಮಗೆ ತಾವೇ ಹೇಳಿಕೊಂಡರು. ಮರವನ್ನೆಲ್ಲ ಗುಡ್ಡೆ ಗುಡ್ಡೆಯಾಗಿ ಹಗ್ಗ ಬಿಗಿದು ಇಟ್ಟಿದ್ದರು. ಮೇಲೆ ಹೊಳೆಯುವ ಬಾಗಿಲುಗಳು, ಒಳಗೇನಿದೆಯೋ ಶಿವನೇ ಬಲ್ಲ.

"ಇದ್ರಾಗೆ ಕಿಟಕಿ ಐತಾ?" ಎಂದು ಕೇಳಿದರು.

"ಐತೆ ಯಜಮಾನ್ರೆ," ಎಂದ ಕಾವಲಿನವನು. "ಎಂಥಾ ಕಿಟಕಿ ಅಂತೀರ, ಊರಿಗೂರೇ ಕಂಡಿರೋ ಕಿಟಕಿ."

ಪಾಪ, ಅವನು ಸುಳ್ಳೇನೂ ಹೇಳಲಿಲ್ಲ. ಮೇಲಿನ ಕಾಯಿ ನೋಡಿ ಗುಡ್ಡೆ ಕೊಳ್ಳಬೇಡಿ ಎಂದು ಹೊಸ ವ್ಯಾಪಾರಿಗಳಿಗೆಲ್ಲ ಪಾಠ ಹೇಳುತ್ತಿದ್ದ ಅಪ್ಪ, ಮೇಲಿನ ಬಾಗಿಲು ನೋಡಿ ಗುಡ್ಡೆ ಕೊಂಡರು.

ಗುಡ್ಡೆ ಟ್ರ್ಯಾಕ್ಟರಿನಲ್ಲಿ ಬಂದು ಅಂಗಳದಲ್ಲಿ ಇಳಿಯಿತು. ಬುಕ್ಕಾಂಬುಧಿಯಿಂದ ಗಾರೆ ಕೆಲಸದವನೂ ಬಂದ. ಒಂದೇ ದಿನದಲ್ಲಿ ಮುಗಿಯುವ ಕೆಲಸ ತಾನೆ, ಹಗ್ಗ ಬಿಚ್ಚುವ ಮೊದಲೇ ಅಪ್ಪ ಗೋಡೆ ಒಡೆಸಿದರು. ಟಿವಿಯವರ ಗೋಡೆಗೂ ನಮ್ಮ ಗೋಡೆಗೂ ಇರುವ ವ್ಯತ್ಯಾಸ ಮೊದಲನೇ ಹಾರೆ ಏಟಿಗೇ ತಿಳಿಯಿತು. ಎರಡಡಿ ದಪ್ಪದ ಮಣ್ಣಿನ ಗೋಡೆ. ಕಿಟಕಿಯಷ್ಟು ಜಾಗ ಬಿಡು ಎಂದರೆ ಅದು ಎಮ್ಮೆಯಷ್ಟು ಜಾಗ ಬಿಟ್ಟಿತು. ಅಳತೆಯಲ್ಲಿ ಅನುಮಾನ ಬೇಡವೆಂದು ಮಧ್ಯಾಹ್ನ ನಮ್ಮ ಎಮ್ಮೆಯೇ ಬಂದು ತಲೆ ತೂರಿಸಿ, ಅವ್ವ ರೊಟ್ಟಿಗೆಂದು ನಾದಿಟ್ಟಿದ್ದ ಹಿಟ್ಟನ್ನೆಲ್ಲ ತಿಂದು ಹೋಯಿತು.

ಒಂದು ದಿನ ಹೋಗಿ ಒಂಬತ್ತು ದಿನವಾಯಿತು. ಅಂಗಳದಲ್ಲಿ ಮೂರು ಕಲ್ಲು ಹೂಡಿ ಅವ್ವ ಮನೆಯವರಿಗೂ ಕೆಲಸದವರಿಗೂ ಬೇಯಿಸಿದಳು. ತಟ್ಟೆ, ಹಾಸಿಗೆ, ಮೊಸರು, ನನ್ನ ಪುಸ್ತಕ ಎಲ್ಲದರ ಮೇಲೂ ಕೆಂಪು ಧೂಳು. ಮುತ್ತಜ್ಜನ ಗೋಡೆಯನ್ನು ನಾವು ಆ ವಾರ ಚೂರುಚೂರೇ ತಿಂದು ಮುಗಿಸಿದೆವು. ಎದುರುಮನೆಯವರು ದಿನಾ ಬಾಗಿಲಿಗೆ ಬಂದು, "ಟಿವಿಲಿ ಇಷ್ಟು ದಿನ ಹಿಡೀಲಿಲ್ವಲ್ಲ?" ಎಂದು ಕಾಳಜಿಯಿಂದ ವಿಚಾರಿಸುತ್ತಿದ್ದರು.

"ಅವ್ರ ಗೋಡೆ ರಟ್ಟಿಂದು" ಎನ್ನುತ್ತಿದ್ದರು ಅಪ್ಪ.

ಅಂಚು ಕಟ್ಟಿ ಗೋಡೆ ಗಟ್ಟಿಯಾದ ಮೇಲೆ ಗುಡ್ಡೆಯ ಹಗ್ಗ ಬಿಚ್ಚಿದರು. ಮೊದಲು ಬಂದ ಬಾಗಿಲಿನ ಮೇಲೆ "ಒಳಗೆ ಬೀಡಿ ಸೇದಬಾರದು" ಎಂದು ಬರೆದಿತ್ತು. ಅದನ್ನು ಕೊಬ್ಬರಿ ಕೋಣೆಗೆ ಹಾಕಿಸಿದೆವು, ಬೆಂಕಿಗೆ ಹೆದರುವ ಸರಕಿಗೆ ಹೇಳಿ ಮಾಡಿಸಿದ ಹಾಗಿತ್ತು. ಆಮೇಲೆ ನಾಲ್ಕು ತೊಲೆ, ನಂಬರು ಬರೆದ ಬೆಂಚಿನ ಹಲಗೆಗಳು. ಕೊನೆಗೆ, ಎಲ್ಲದರ ಅಡಿಯಿಂದ, ಕಿಟಕಿ.

ಎರಡು ಮೊಳ ಎತ್ತರದ ಚೌಕಟ್ಟು, ಒತ್ತಾಗಿ ಕೂರಿಸಿದ ಕಬ್ಬಿಣದ ಸರಳು. ಸರಳುಗಳ ಕೆಳಗೆ ಅಡ್ಡ ಹಲಗೆ, ಅದರ ನಡುವೆ ಕೈ ತೂರುವಷ್ಟು ಅರ್ಧಚಂದ್ರದ ಕಂಡಿ. ಒಂದು ಬದಿಯಲ್ಲಿ ಎಳೆದು ಮುಚ್ಚುವ ಹಲಗೆ. ಚೌಕಟ್ಟಿನ ನೆತ್ತಿಯ ಮೇಲೆ ನೀಲಿ ಬಣ್ಣದಲ್ಲಿ ದಪ್ಪಕ್ಕೆ ಬರೆದದ್ದು: ಕುರ್ಚಿ.

ಗಾರೆಯವನು ಮೀಸೆಯ ಮರೆಯಲ್ಲಿ ನಕ್ಕ. ನಾನು ಮರೆ ಇಲ್ಲದೆ ನಕ್ಕು ಅಪ್ಪನಿಂದ ಬೈಸಿಕೊಂಡೆ. ಅವ್ವ ಮಾತ್ರ ಹತ್ತಿರ ಹೋಗಿ, ಕಂಡಿಯ ಅಂಚು ಸವೆದು ನುಣ್ಣಗಾಗಿದ್ದ ಕಡೆ ಬೆರಳಾಡಿಸಿದಳು. ಆ ಸವೆತದಲ್ಲಿ ಅಪ್ಪನ ಕೈಯದೂ ಒಂದು ಪಾಲಿತ್ತು.

"ಇದು ಬ್ಯಾಡ," ಎಂದರು ಅಪ್ಪ. ಅವರ ಕಿವಿ ಕೆಂಪಾಗಿತ್ತು. "ಕಡೂರಿಗೆ ಹೋಗಿ ಒಳ್ಳೇದು ಒಂದು ತತ್ತೀನಿ. ಸದ್ಯಕ್ಕೆ ಆ ಜಾಗಕ್ಕೆ ತಗಡು ಹೊಡೀಲಿ. ಮುಂದಿನ ವಾರ..."

"ನಿಮ್ ಮುಂದಿನ ವಾರ ನಂಗೆ ಗೊತ್ತು ಕಣ್ರೀ," ಎಂದಳು ಅವ್ವ. ದನಿ ಏರಿಸಲಿಲ್ಲ. "ತಗಡು ಹೊಡುದ್ರೆ ನಾನು ಸಾಯೋತನಕ ತಗಡೇ. ಇದನ್ನೇ ಕೂರ್ಸಿ."

ಅಪ್ಪ ಹೊಂಗೆಮರದ ಕಡೆ ತಿರುಗಿ ನಿಂತರು. ಗಾರೆಯವನು ಚೌಕಟ್ಟು ಎತ್ತಿ ಹಿಡಿದು, "ಯಾವ ಮಗ್ಗುಲು ಒಳಗೆ ಬರ್ಲಿ?" ಎಂದು ಕೇಳಿದ. ಎಳೆಯುವ ಹಲಗೆ ಅಂಗಳದ ಕಡೆಗಿರಲಿ, ಬೇಕಾದಾಗ ತಾವೇ ಮುಚ್ಚಿ ತೆಗೆಯಬಹುದು ಎಂದು ಅಪ್ಪನ ಲೆಕ್ಕ. ಅವರು ಬಾಯಿ ತೆರೆಯುವ ಮೊದಲೇ ಅವ್ವ ಹೇಳಿದಳು: "ಹಲಗೆ ನನ್ ಕಡೆ ಇರ್ಲಿ ಕಣಪ್ಪಾ. ಟಿಕೆಟ್ ಕೊಡೋರ ಕಡೆ ಅಲ್ವಾ ಅದು ಇರೋದು?"

ಮರುದಿನ ಬೆಳಿಗ್ಗೆ ಬಿಸಿಲು ಸರಳುಗಳ ನಡುವೆ ನುಸುಳಿ ಒರಳಿನ ಮೇಲೆ ಪಟ್ಟೆಪಟ್ಟೆಯಾಗಿ ಬಿತ್ತು. ಅವ್ವ ಅದರಲ್ಲಿ ಅಂಗೈ ಚಾಚಿ ಹಿಂದೆಮುಂದೆ ತಿರುಗಿಸಿದಳು. ಆಮೇಲೆ ಸುತ್ತಲೂ ನೋಡಿ, "ಅಯ್ಯೋ, ಇಷ್ಟು ಕೊಳೆ ಐತೆ ಅಂತ ಗೊತ್ತಿದ್ರೆ ಕಿಟಕೀನೇ ಕೇಳ್ತಿರ್ಲಿಲ್ಲ ಕಣೇ" ಎಂದಳು. ಒಲೆಯ ಮುಂದೆ ಅವಳ ಮುಖವನ್ನು ನಾನು ಅಷ್ಟು ಸ್ಪಷ್ಟವಾಗಿ ಕಂಡದ್ದು ಅದೇ ಮೊದಲು. ಕಿವಿಯ ಹಿಂದೆ ಕೂದಲು ಅಷ್ಟೊಂದು ನರೆತಿದೆ ಎಂದು ನನಗೆ ಗೊತ್ತೇ ಇರಲಿಲ್ಲ.

ಅಪ್ಪ "ಕುರ್ಚಿ"ಯ ಮೇಲೆ ಹಸಿರು ಬಣ್ಣ ಬಳಿಸಿದರು. ಮಳೆಗಾಲ ಬಂದರೆ ಅದರೊಳಗಿಂದ ನೀಲಿ ಎದ್ದು ಬರುತ್ತಿತ್ತು. ಆದರೆ ದಲ್ಲಾಳಿಗಳು ಬಣ್ಣ ಬಳಿಯುವ ಮೊದಲೇ ಓದಿ ಆಗಿತ್ತು. ಕಾಫಿ ಬೇಕಾದವರು ನಗುತ್ತಾ ಸಾಲಾಗಿ ನಿಲ್ಲತೊಡಗಿದರು. ಅವ್ವ ಸರಳುಗಳ ಹಿಂದಿನಿಂದ ಒಬ್ಬೊಬ್ಬರ ಮುಖ ನೋಡಿ, ಮನೆಕಡೆ ಕ್ಷೇಮ ವಿಚಾರಿಸಿ, ಕಂಡಿಯಲ್ಲಿ ಲೋಟ ದಾಟಿಸುತ್ತಿದ್ದಳು. ಲೋಟ ತೂರುತ್ತಿತ್ತು, ತಟ್ಟೆ ತೂರುತ್ತಿರಲಿಲ್ಲ. ಹಾಗಾಗಿ ಕಂಡಕಂಡವರಿಗೆಲ್ಲ ಉಪ್ಪಿಟ್ಟು ಕೊಡುವ ಅಪ್ಪನ ಧಾರಾಳತನ ತಾನಾಗಿ ನಿಂತಿತು. ನನಗೂ ಮನೆ ಸುತ್ತುವುದು ತಪ್ಪಿತು. "ನಾಲ್ಕು ಕಾಫಿ" ಎಂದು ಕೂಗಿದರೆ ಒಳಗಿಂದ ತಕ್ಷಣ ಉತ್ತರ ಬರುತ್ತಿತ್ತು: "ಮೂರೇ ಜನ ಇದೀರಲ್ಲ."

ಹೀಗೇ ಒಂದು ತಿಂಗಳಾಗಿರಬೇಕು. ಒಂದು ಮಧ್ಯಾಹ್ನ ದಲ್ಲಾಳಿಗಳೆಲ್ಲ ಎದ್ದು ಹೋಗಿದ್ದರು. ನಾನು ಒರಳಿನ ಹತ್ತಿರ ಕೂತು ಕಾಯಿ ತುರಿಯುತ್ತಿದ್ದೆ. ಅಪ್ಪ ಒಬ್ಬರೇ ಕಿಟಕಿಯ ಹತ್ತಿರ ಬಂದು ಕಂಡಿಯೊಳಗೆ ಕೈ ಚಾಚಿದರು. ಅವ್ವ ಆ ಕೈಯನ್ನು ನೋಡಿದಳು. ಬೆರಳಿಗೆ ತಾಗದ ಹಾಗೆ ಮೆಲ್ಲಗೆ ಹಲಗೆ ಎಳೆಯತೊಡಗಿದಳು. ಅಪ್ಪ ಕೈ ಹಿಂದಕ್ಕೆ ತೆಗೆದುಕೊಂಡರು. ಹಲಗೆ ಮುಚ್ಚಿಕೊಂಡಿತು.

"ಕುರ್ಚಿ ಮುಗೀತು," ಎಂದಳು.

ನನಗೆ ನಗು ಉಕ್ಕಿತು. ಅವ್ವನ ಮುಖ ನೋಡಿ ಅದನ್ನು ನುಂಗಿಕೊಂಡೆ. ಅವಳು ನಗುತ್ತಿರಲಿಲ್ಲ. ಹಲಗೆಯ ಮೇಲೆ ಕೈಯಿಟ್ಟುಕೊಂಡೇ ಕಾಯುತ್ತಿದ್ದಳು.

ಆಚೆಯಿಂದ ಅಪ್ಪನ ದನಿ ಬಂತು, ವ್ಯಾಪಾರದ ದನಿಯಲ್ಲ. "ನೆಲ ಐತಾ?"

"ಬೇಕಾದಷ್ಟೈತೆ, ಬನ್ನಿ," ಎಂದಳು ಅವ್ವ.

ಅವರು ಜಗಲಿ ಹತ್ತಿ, ಪಡಸಾಲೆ, ನಡುಮನೆ ದಾಟಿ, ತಲೆ ಬಗ್ಗಿಸಿ ಅಡುಗೆಮನೆಯೊಳಗೆ ಬಂದರು. ಆ ಹೊತ್ತಿನಲ್ಲಿ ಅಪ್ಪ ಅಲ್ಲಿಗೆ ಬಂದದ್ದನ್ನು ನಾನು ಹಿಂದೆಂದೂ ಕಂಡಿರಲಿಲ್ಲ. ಅವ್ವ ಹಲಗೆಯನ್ನು ಮತ್ತೆ ತೆಗೆದಳು. ನಾನು ಕಾಯಿ ತುರಿಯನ್ನು ಎತ್ತಿಕೊಂಡು ಹಿತ್ತಲಿಗೆ ಹೊರಟೆ. ಬಾಗಿಲಲ್ಲಿ ತಿರುಗಿ ನೋಡಿದಾಗ ಅಪ್ಪ ಪಂಚೆ ಮೇಲೆತ್ತಿಕೊಂಡು, ಬೆಳಕು ಬಿದ್ದಿದ್ದ ಜಾಗ ನೋಡಿ, ಅವಳ ಪಕ್ಕದಲ್ಲಿ ನೆಲದ ಮೇಲೆ ಕೂರುತ್ತಿದ್ದರು.