ಕೊರಳು ಬಾಕಿ ಉಳಿದ ಸ್ವೆಟರ್

ನಮ್ಮ ಮನೆಯ ಬೀರುವಿನ ಕೆಳಗಿನ ಖಾನೆಯಲ್ಲಿ ನಾನು ಅರ್ಧಕ್ಕೆ ಬಿಟ್ಟ ಹೆಣಿಗೆಗಳಿವೆ. ಜೊತೆಯಿಲ್ಲದ ಒಂದು ಕಾಲುಚೀಲ, ಮೊಳದುದ್ದಕ್ಕೆ ನಿಂತುಹೋದ ಮಫ್ಲರ್, ನಾದಿನಿಯ ಮಗುವಿಗೆಂದು ಶುರು ಮಾಡಿದ ಕುಲಾವಿ. ಆ ಹುಡುಗಿ ಈಗ ಶಾಲೆಯ ಬಸ್ಸು ಹತ್ತುತ್ತಾಳೆ. ಹೆಗ್ಗದ್ದೆಯ ಕಡೆಯ ಈ ಸಣ್ಣ ತೋಟಕ್ಕೆ ಮದುವೆಯಾಗಿ ಬಂದ ಮೇಲೆ, ಹಾಸನದಲ್ಲಿ ಓದಿದ ಡಿಗ್ರಿಗಿಂತ ಹೆಚ್ಚಾಗಿ ನನಗೆ ಒಗ್ಗಿದ್ದು ಹೆಣಿಗೆ. ಮುಗಿಸುವುದು ಮಾತ್ರ ಒಗ್ಗಲಿಲ್ಲ. "ನಮ್ ಸೊಸೆ ಸ್ವೆಟರ್ ಶುರು ಮಾಡುದ್ಲು ಅಂದ್ರೆ ಚಳಿಗೂ ಧೈರ್ಯ ಬರ್ತದೆ, ಇನ್ನೆರಡು ವರ್ಷ ಆರಾಮಾಗಿರ್ಬೋದು ಅಂತ" ಎಂದು ಅತ್ತೆ ನೆಂಟರ ಮುಂದೆ ಹೇಳಿ ನಗುತ್ತಿದ್ದರು.

ಪೂರ್ತಿಯಾದವು ಪಕ್ಕದ ತೋಟದ ಅಕ್ಕನ ಜೊತೆ ಹೆಣೆದವು ಮಾತ್ರ. ಅಕ್ಕ ನನಗೆ ನೆಂಟಳಲ್ಲ. ನನಗಿಂತ ಹತ್ತು ಹನ್ನೆರಡು ವರ್ಷ ದೊಡ್ಡವಳು, ಹಾಗಾಗಿ ಅಕ್ಕ. ಅವಳ ಗಂಡ ಭಾವ. ಎರಡು ಮನೆಗಳ ನಡುವೆ ಕಾಫಿ ಒಣಗಿಸುವ ಸಿಮೆಂಟಿನ ಕಣ ಒಂದೇ. ಕುಯ್ಲು ಮುಗಿದು ಹಣ್ಣು ಕಣಕ್ಕೆ ಬಿದ್ದ ಮೇಲೆ, ಆಗಾಗ ಕೈಯಾಡಿಸಿ ಮಗುಚಲು, ಕೋಳಿ ದನ ಬರದಂತೆ ನೋಡಿಕೊಳ್ಳಲು ಯಾರಾದರೂ ಕೂತಿರಲೇಬೇಕು. ಆ ಕೆಲಸ ನಮ್ಮಿಬ್ಬರದು. ನಾನು ಕಾಫಿ ಮಗುಚುವಾಗ ಕಡ್ಡಿಗಳು ಅವಳ ಕೈಯಲ್ಲಿ, ಅವಳು ಮಗುಚುವಾಗ ನನ್ನ ಕೈಯಲ್ಲಿ. ಒಂದೇ ಸ್ವೆಟರ್ ಇಬ್ಬರ ಮಡಿಲಿಗೂ ಓಡಾಡುತ್ತಿತ್ತು. ಕ್ರಮೇಣ ಕೆಲಸವೂ ಹಂಚಿಹೋಯಿತು. ಮುಂಭಾಗ, ಹಿಂಭಾಗದ ಉದ್ದನೆಯ ಸಾಲುಗಳು ನನ್ನವು. ತೋಳು ಕೂಡಿಸುವುದು, ಹೆಗಲು ಇಳಿಸುವುದು, ಕೊರಳು ತಿರುಗಿಸುವುದು ಅವಳದು.

"ನಿಂದು ಬಯಲುಸೀಮೆ ಕಣೇ, ಒಂದೇ ಸಮ ಹೋಗ್ತಾ ಇರ್ತೀಯ. ಘಾಟಿ ಇಳ್ಸೋಕೆ ನಾನೇ ಬೇಕು" ಎನ್ನುತ್ತಿದ್ದಳು.

ಕೊನೆಯದು ಭಾವನಿಗೆಂದು ಹಿಡಿದ ಬೂದುಬಣ್ಣದ ಸ್ವೆಟರ್. ಮಳೆಗಾಲವೆಲ್ಲ ಹಳೆಯ ಕಂಬಳಿಯಲ್ಲೇ ಕಳೆಯುವ ಅವರಿಗೆ ಒಂದು ಒಳ್ಳೆಯ ಸ್ವೆಟರ್ ಆಗಲಿ ಎಂದು ಅಕ್ಕ ಸಕಲೇಶಪುರದ ಅಂಗಡಿಯಲ್ಲಿ ಉಲ್ಲನ್ ಆರಿಸಿದ್ದಳು. ಕಣದ ಪಕ್ಕ ಹಾದುಹೋಗುವಾಗಲೆಲ್ಲ ಭಾವ ಅದನ್ನು ಎತ್ತಿ ಎದೆಗೆ ಹಿಡಿದು ನೋಡುವರು.

"ಏನವ್ವಾ, ಈ ಮಳೆಗಾಲಕ್ಕೋ, ಮುಂದಿನ ಮಳೆಗಾಲಕ್ಕೋ?"

"ಹೊಟ್ಟೆ ಕಮ್ಮಿ ಮಾಡ್ಕಳ್ರಿ, ಬೇಗ ಮುಗೀತದೆ" ಅಕ್ಕ ತಲೆಯೆತ್ತದೆ ಹೇಳುವಳು. "ಕೈ ತೆಗೀರಿ ಮೊದ್ಲು. ಮಣ್ಣ್ ಐತೆ ಕೈಯಾಗೆ."

ಆ ಬೆಳಗ್ಗೆ ಹೆಗಲು ಕೂಡಿಸಿ ಆಗಿತ್ತು. ಕೊರಳೊಂದು ಬಾಕಿ. ಬಿಸಿಲು ಇನ್ನೂ ಕಣದ ಅರ್ಧಕ್ಕೆ ಬಂದಿರಲಿಲ್ಲ. ಒಂಟಿ ಸಲಗ ಹಳ್ಳದ ಆಚೆಯ ಎಸ್ಟೇಟಿನಲ್ಲಿದೆ ಎಂದು ಹಿಂದಿನ ದಿನ ಅರಣ್ಯ ಇಲಾಖೆಯಿಂದ ಮೊಬೈಲಿಗೆ ಮೆಸೇಜ್ ಬಂದಿತ್ತು. ಇಂಥ ಮೆಸೇಜ್ ನಮಗೆ ದಿನವೂ ಬರುತ್ತದೆ. ಆಚೆ ಎಂದರೆ ಆಚೆ ಎಂದುಕೊಂಡು ಕೆಲಸಕ್ಕಿಳಿಯುತ್ತೇವೆ. ಅಂದು ಭಾವನ ತೋಟಕ್ಕೆ ಕಾಳುಮೆಣಸು ಕುಯ್ಯುವವರು ಬರಬೇಕಿತ್ತು. ಅವರು ಮರಕ್ಕೆ ಏಣಿ ಊರುವಾಗ ಕೆಳಗಿನ ಕಾಫಿ ಗಿಡದ ಕೊಂಬೆ ಮುರಿಯುತ್ತಾರೆಂದು ಭಾವನಿಗೆ ಪ್ರತಿ ವರ್ಷವೂ ಅವರೊಡನೆ ಜಗಳ.

ತೋಟದೊಳಗೆ ಲಟ್ಟೆಂದು ಸದ್ದಾಯಿತು. ಸ್ವಲ್ಪ ತಡೆದು ಇನ್ನೊಂದು.

"ಬಂದ್ಬುಟ್ರು ನೋಡು, ಬಂದೋರೇ ಶುರು ಹಚ್ಕೊಂಡ್ರು" ಎಂದು ಭಾವ ಕಾಫಿ ಲೋಟವನ್ನು ಕಟ್ಟೆಯ ಮೇಲಿಟ್ಟರು. "ಏಯ್ ಮಾರಾಯ್ರಾ! ಮೆಣಸು ಕುಯ್ಯಕ್ ಬಂದಿದೀರೋ, ಗಿಡ ಸವರಾಕ್ ಬಂದಿದೀರೋ?" ಎಂದು ಕೂಗುತ್ತಲೇ ಇಳಿಜಾರಿಗೆ ಇಳಿದರು.

ಅಕ್ಕ ನಕ್ಕಳು. "ಇನ್ನೊಂದ್ ಗಂಟೆ ನಡೀತದೆ ಇದು" ಎಂದಳು. ನಾನೂ ನಕ್ಕೆ.

ಒಳಗಿನಿಂದ ಉತ್ತರ ಬರಲಿಲ್ಲ. ಮೆಣಸಿನವರು ಸುಮ್ಮನೆ ಬೈಸಿಕೊಳ್ಳುವವರಲ್ಲ, ಒಂದಕ್ಕೆರಡು ಹೇಳುವವರು. ನನಗೆ ಅದು ಹೊಳೆಯುವಷ್ಟರಲ್ಲಿ, ಕಾಫಿ ಗಿಡಗಳ ಮೇಲೆ ಬಂಡೆಯಂಥದ್ದೊಂದು ಅಲುಗಿದ್ದನ್ನು ಕಂಡೆ. ಭಾವ ಅದರಿಂದ ಬಹಳ ದೂರದಲ್ಲಿರಲಿಲ್ಲ. ಅವರು ತಿರುಗಿದ್ದನ್ನು ಕಂಡೆ. ಅವರ ಬಾಯಿ ತೆರೆದಿತ್ತು, ಇನ್ನೂ ಬೈಯುತ್ತಲೇ ಇದ್ದಂತೆ. ಆಮೇಲಿನದನ್ನು ಬರೆಯಲು ನನ್ನಿಂದಾಗದು. ಅಕ್ಕ ಅತ್ತ ಓಡಹೊರಟಳು. ನಾನು ಎರಡೂ ಕೈಯಿಂದ ಅವಳ ಸೆರಗು, ಸೊಂಟ, ಸಿಕ್ಕಿದ್ದನ್ನೆಲ್ಲ ಹಿಡಿದು ಒಣಗಿದ ಕಾಫಿಯ ಮೇಲೆ ಬಿದ್ದೆ. ಮೆಣಸಿನವರು ಅಷ್ಟರಲ್ಲಿ ಇನ್ನೂ ರಸ್ತೆಯ ತಿರುವಿನಲ್ಲಿ ಜೀಪಿನಿಂದ ಇಳಿಯುತ್ತಿದ್ದರು.

ಆ ಸದ್ದನ್ನು ನಾನು ಈಗಲೂ ಮತ್ತೆ ಮತ್ತೆ ಕೇಳುತ್ತೇನೆ. ಏಣಿ ತಾಗಿ ಮುರಿದ ಕೊಂಬೆಗೂ ಸೊಂಡಿಲು ಎಳೆದ ಕೊಂಬೆಗೂ ಏನು ವ್ಯತ್ಯಾಸ? ಏನೂ ಇಲ್ಲ. ಅದೇ ನನ್ನನ್ನು ಕಾಡುವುದು. ಅಡುಗೆಮನೆಯಲ್ಲಿ ಗಂಡ ಸೌದೆ ಮುರಿದರೂ ನನ್ನ ಕೈಯಲ್ಲಿರುವುದು ನೆಲಕ್ಕೆ ಬೀಳುತ್ತದೆ.

ಅಕ್ಕ ಅಳಲಿಲ್ಲ. ಗೋಡೆಗೆ ಒರಗಿ ಕೂತವಳು ಬಂದವರನ್ನೂ ಹೋದವರನ್ನೂ ನೋಡುತ್ತಿದ್ದಳು. ಮಣ್ಣು ಮಾಡಿ ಬಂದ ಎರಡನೆಯ ದಿನ ನನ್ನನ್ನು ಹತ್ತಿರ ಕರೆದಳು.

"ತಿಥಿ ದಿನ ಎಡೆಗೆ ಆ ಸ್ವೆಟರ್ ಇಡ್ಬೇಕು ಕಣೇ. ನನ್ ಕೈಲಿ ಆಗಲ್ಲ. ನೀನು ಮುಗಿಸ್ಕೊಡು."

ನಮ್ಮಲ್ಲಿ ಹನ್ನೊಂದನೆಯ ದಿನ, ಹೋದವರಿಗೆ ಇಷ್ಟವಾದುದನ್ನೆಲ್ಲ ಫೋಟೋದ ಮುಂದೆ ಬಾಳೆಲೆಯಲ್ಲಿ ಬಡಿಸಿ, ಪಕ್ಕದಲ್ಲಿ ಹೊಸ ಬಟ್ಟೆ ಇಟ್ಟು ಬಾಗಿಲು ಮುಚ್ಚಿಕೊಂಡು ಬರುತ್ತೇವೆ. ಅವರು ಬಂದು ಉಂಡು, ಉಟ್ಟು ಹೋಗಲಿ ಎಂದು. ಎಲೆಗೆ ಯಾವುದನ್ನೂ ಅರೆಬರೆಯಾಗಿ ಇಡುವಂತಿಲ್ಲ.

ನಾನು ಹೂಂ ಎಂದೆ. ಅಕ್ಕ ಕೇಳಿದ್ದು ಅದೊಂದೇ.

ಕೊರಳು ತಿರುಗಿಸುವುದನ್ನು ಫೋನಿನಲ್ಲಿ ನೋಡಿದೆ. ಅಂಚಿನಿಂದ ಕುಣಿಕೆಗಳನ್ನು ಎತ್ತಿಕೊಂಡು ಸುತ್ತ ಹೆಣೆಯಬೇಕು. ಮೊದಲ ಸಲ ಒಂದು ಕಡೆ ಕುಣಿಕೆ ಹೆಚ್ಚಾಗಿ ಕೊರಳು ಓರೆಯಾಯಿತು. ಬಿಚ್ಚಿದೆ. ಎರಡನೆಯ ಸಲ ನಡುವೆ ತೋಟದಲ್ಲಿ ಏನೋ ಬಿದ್ದಂತಾಗಿ ಕಡ್ಡಿ ಜಾರಿತು. ಮತ್ತೆ ಬಿಚ್ಚಿದೆ. ಬಿಚ್ಚಿ ಬಿಚ್ಚಿ ಉಲ್ಲನ್ನಿನ ನಯ ಹೋಗಿ ಜುಂಗು ಎದ್ದಿತ್ತು.

"ಬುಟ್ಬುಡೇ, ಇದ್ದಂಗೇ ಇಡಾನ. ಅಕ್ಕ ಏನೂ ಅನ್ಕಳಲ್ಲ" ಎಂದ ಗಂಡ.

"ಅಕ್ಕ ಅನ್ಕಳಲ್ಲ. ಕೇಳಿದ್ದು ಭಾವನಿಗೆ" ಎಂದೆ.

ನಾನು ಹೆಣೆಯುವಷ್ಟು ಹೊತ್ತೂ ಅವನು ಸೌದೆ ಒಡೆಯುವುದನ್ನು ಬಿಟ್ಟು ಹೊರಗೆ ಜಗಲಿಯಲ್ಲಿ ಕೂತ. ತಿಥಿಯ ಹಿಂದಿನ ದಿನ ಮಧ್ಯಾಹ್ನ ಕೊನೆಯ ಕುಣಿಕೆ ಮುಚ್ಚಿ ಗಂಟು ಹಾಕಿದೆ. ಒಂಟಿಯಾಗಿ ನಾನು ಮುಗಿಸಿದ ಮೊದಲ ಸ್ವೆಟರ್. ನೋಡಲು ಚೆನ್ನಾಗಿಯೇ ಇತ್ತು. ಸಂತೋಷಪಡಲು ಮನಸ್ಸು ಬರಲಿಲ್ಲ.

ತಿಥಿಯ ದಿನ ಎಲೆಗೆ ಕಡುಬು, ಕೋಳಿ ಸಾರು ಬಡಿಸಿಯಾಗಿತ್ತು. ಪಕ್ಕದಲ್ಲಿ ಒಂದು ಕಟ್ಟು ಬೀಡಿ, ಹೊಸ ಪಂಚೆ. ಭಾವನ ಚಿಕ್ಕಪ್ಪ ಎಲ್ಲವನ್ನೂ ಓರಣ ಮಾಡುತ್ತಿದ್ದರು. ನಾನು ಸ್ವೆಟರನ್ನು ಅವರ ಕೈಗೆ ಕೊಡುವ ಮುಂಚೆ ಅಕ್ಕ ಅದನ್ನು ಇಸಿದುಕೊಂಡು ಕೊರಳಿನೊಳಗೆ ಎರಡು ಕೈ ತೂರಿಸಿ ಅಗಲಿಸಿ ನೋಡಿದಳು. ಅದು ಅಗಲಲಿಲ್ಲ.

"ಎಷ್ಟ್ ಬಿಗಿಯಾಗಿ ಎಳ್ದಿದೀಯೇ" ಎಂದಳು ಮೆಲ್ಲಗೆ. "ಹೆದರ್ಕೊಂಡೇ ಹೆಣ್ದಿದೀಯ. ಇದ್ರಾಗೆ ಅವರ ತಲೆ ತೂರಲ್ಲ ಕಣೇ."

ಅವಳು ಹೇಳಿದ್ದು ನಿಜ. ಮುಚ್ಚುವಾಗ ಪ್ರತಿ ಕುಣಿಕೆಯನ್ನೂ ಜಾರಿಹೋದೀತೆಂದು ಬಲವಾಗಿ ಜಗ್ಗಿದ್ದೆ.

"ಇರ್ಲಿ ಬಿಡವ್ವ" ಎಂದರು ಚಿಕ್ಕಪ್ಪ. ಸಮಾಧಾನಕ್ಕೆಂದೇ ಹೇಳಿದ್ದು. "ಎಡೆಗೆ ತಾನೇ? ಯಾರ್ ಹಾಕ್ಕೊಂತಾರೆ ಈಗ."

ಅಕ್ಕ ಅವರನ್ನೇ ನೋಡಿದಳು. ಆಮೇಲೆ ಅವಳ ಬಾಯಿಂದ ಹೊರಟ ಸದ್ದನ್ನು ಕೇಳಿ ಹೊರಗಿದ್ದವರೆಲ್ಲ ಬಾಗಿಲಿಗೆ ಬಂದರು. ಅವಳು ಆವರೆಗೆ ಅತ್ತಿರಲಿಲ್ಲ. ಅಳುತ್ತಲೇ ನೆಲದ ಮೇಲೆ ಕೂತು, ನಾನು ಹಾಕಿದ್ದ ಗಂಟನ್ನು ಹಲ್ಲಿನಿಂದ ಕಚ್ಚಿ ಬಿಡಿಸಿ, ಮುಚ್ಚಿದ್ದ ಕೊನೆಯ ಸಾಲನ್ನು ಎಳೆದು ಬಿಚ್ಚಿದಳು. ಕೊರಳು ಸಡಿಲವಾಯಿತು. ಸುತ್ತಲೂ ಕುಣಿಕೆಗಳು ಬಾಯಿ ಬಿಟ್ಟುಕೊಂಡು ನಿಂತವು.

"ಹಿಂಗೇ ಇಡಿ ಚಿಕ್ಕಪ್ಪ. ಈಗ ತೂರ್ತದೆ."

ಅರೆಬರೆಯದನ್ನು ಇಡಬಾರದೆಂದು ಯಾರೂ ಹೇಳಲಿಲ್ಲ. ಚಿಕ್ಕಪ್ಪ ಎರಡೂ ಕೈಯಲ್ಲಿ ಅದನ್ನು ಈಸಿಕೊಂಡು ಪಂಚೆಯ ಮೇಲೆ ಇಟ್ಟರು. ಎಲ್ಲರೂ ಹೊರಬಂದೆವು. ಬಾಗಿಲು ಮುಚ್ಚಿದರು.

ಮತ್ತೆ ಬಾಗಿಲು ತೆಗೆದು ಬಟ್ಟೆ ಎತ್ತುವಾಗ ಕುಣಿಕೆಗಳು ಜಾರಿ ಎದೆಯವರೆಗೆ ಬಿಚ್ಚಿಕೊಂಡಿದ್ದವು. ನಾನು ಎತ್ತಿಕೊಳ್ಳಲು ಹೋಗಿ ಇನ್ನಷ್ಟು ಕೆಡಿಸಿದೆ. ಅಕ್ಕ ನನ್ನ ಕೈಯಿಂದ ತೆಗೆದುಕೊಂಡು, ಜಡೆಯ ಹೇರ್‌ಪಿನ್ನಿನಿಂದ ಒಂದೊಂದೇ ಕುಣಿಕೆಯನ್ನು ಮೇಲಕ್ಕೆ ಎತ್ತಿದಳು. ಎಲ್ಲ ಸೇರಿದ ಮೇಲೆ ಒಂದು ಬಿಳಿ ದಾರ ಪೋಣಿಸಿ ತುದಿಗಳನ್ನು ಸಡಿಲವಾಗಿ ಕಟ್ಟಿದಳು. ಮುಚ್ಚಲಿಲ್ಲ.

ನೆಂಟರು ಆಲೂರಿನ ಬಸ್ಸಿಗೆಂದು ಹೊರಟಾಗ ಬಿಸಿಲು ಇಳಿಯುತ್ತಿತ್ತು. ಅಷ್ಟು ದಿನದಿಂದ ಕಾಫಿ ಯಾರೂ ಮಗುಚದೆ ಕಣದಲ್ಲೇ ಬಿದ್ದಿತ್ತು, ಅಡಿಯಲ್ಲಿ ಮುಗ್ಗಲು ವಾಸನೆ ಹಿಡಿಯುತ್ತಿತ್ತು. ಅಕ್ಕ ಸೆರಗು ಕಟ್ಟಿ ಹೊರಗೆ ಬಂದಳು. ಕಣದ ಅಂಚಿನವರೆಗೆ ಹೋಗಿ ನಿಂತುಬಿಟ್ಟಳು. ಇಳಿಜಾರಿನ ಕಡೆ ಬೆನ್ನು ಮಾಡಲು ಅವಳಿಂದಾಗಲಿಲ್ಲ, ಮುಖ ಮಾಡಲೂ ಆಗಲಿಲ್ಲ.

"ನಾನು ಮಗುಚ್ತೀನಿ" ಎಂದಳು ಕೊನೆಗೆ. "ನೀನು ಅತ್ಲಾಗೆ ನೋಡ್ತಿರು."

ನಾನು ಕಟ್ಟೆಯ ಮೇಲೆ ಹತ್ತಿ ನಿಂತೆ. ಹಿಂದೆ ಕಾಫಿಯ ಮೇಲೆ ಅವಳ ಕಾಲುಗಳು ಸರಿಯುವ ಸದ್ದು ಕೇಳುತ್ತಿತ್ತು. ಗಿಡಗಳ ಮೇಲಿನಿಂದ ಕಣ್ಣು ಕೀಳದೆ ನಿಂತಿದ್ದೆ, ಕಣದ ಆ ತುದಿಯವರೆಗೂ ಅವಳು ಮಗುಚಿ ಮುಗಿಸುವವರೆಗೆ.