ಮಕ್ಕಳ ಬೆಂಚಿನ ಮಾವ

ನನ್ನ ಮೊಮ್ಮಗ ಬಂದ! ಗಡಿಯಲ್ಲಿ ಗುಂಡು ನಿಂತಿತು, ರಜೆ ಸಿಕ್ಕಿತು, ಕೈಕಾಲು ನೆಟ್ಟಗಿಟ್ಟುಕೊಂಡು ಇವತ್ತು ಬೆಳಿಗ್ಗೆ ಕೂನೂರು ಬಸ್ಸಿನಿಂದ ಇಳಿದ. ನಾನು ತೇಯಿಲೆ ತೋಟದಿಂದ ಚಪ್ಪಲಿಯಿಲ್ಲದೆ ಓಡಿದೆ. ಕಂಡವರಿಗೆ ಹೇಳಿದೆ, ಕಾಣದವರಿಗೆ ಕೂಗಿ ಹೇಳಿದೆ.

"ಸಾಕು ಹೆತ್ತೆ, ಊಟಿಗೂ ಕೇಳಿಸ್ತು" ಎಂದು ನಕ್ಕ. ಅಜ್ಜಿಗೆ ನಮ್ಮಲ್ಲಿ ಹೆತ್ತೆ ಅನ್ನುತ್ತಾರೆ.

ಅವನ ಜಾಕೆಟ್ಟನ್ನು ನೀರಿಗೆ ಹಾಕುವ ಮುಂಚೆ ಮುಖಕ್ಕೆ ಒತ್ತಿಕೊಂಡೆ. ಬೆವರು, ಅದರಡಿಯಲ್ಲಿ ಗುಂಡಿನ ಮದ್ದಿನ ವಾಸನೆ… ಎಷ್ಟೋ ವರ್ಷದ ಹಿಂದಿನ ಕೆಳಮನೆ ಮಾವ ಎದುರು ಬಂದು ನಿಂತಂತಾಯಿತು.

ಮಾವ ಸರ್ಕಾರಿ ಮದ್ದಿನ ಕಾರ್ಖಾನೆಯಲ್ಲಿದ್ದರು. ತೋಪಿಗೆ, ತುಪಾಕಿಗೆ ತುಂಬುವ ಮದ್ದು. ಎಷ್ಟು ಮಿಂದರೂ ಮೈಯಿಂದ ಸ್ಪಿರಿಟ್ಟಿನಂಥ ಸಿಹಿ ವಾಸನೆ ಹೋಗುತ್ತಿರಲಿಲ್ಲ. ಭಾನುವಾರ ಚರ್ಚಿನಲ್ಲಿ ನಮಗೆಲ್ಲ ಹತ್ತು ಆಜ್ಞೆ ಬಾಯಿಪಾಠ ಮಾಡಿಸುತ್ತಿದ್ದರು. ಶಾಲೆಯ ಮುಖ ಸರಿಯಾಗಿ ಕಾಣದ ನನಗೆ ಅಕ್ಷರ ತಿದ್ದಿಸಿದವರೂ ಅವರೇ.

ನಮ್ಮಪ್ಪ ಕೆಣಕುತ್ತಿದ್ದರು. "ವಾರವೆಲ್ಲ ಮದ್ದು ಮಾಡ್ತೀಯ, ಭಾನುವಾರ ಕೊಲ್ಲಬೇಡಿ ಅಂತೀಯ. ನಿನಗೆಷ್ಟು ಬಾಯಿ ಭಾವ?"

"ಎರಡೂ ನಂದೇ. ಅದೇ ಕಷ್ಟ" ಎಂದು ಮಾವನೂ ನಗುತ್ತಿದ್ದರು.

ಆಮೇಲೆ ಯುದ್ಧ ಬಂತು. ಕಾರ್ಖಾನೆಗೆ ಹಗಲಿಲ್ಲ, ಇರುಳಿಲ್ಲ. ಮಾವನ ನಗು ನಿಂತಿತು. ಒಂದು ಭಾನುವಾರ ಕರ್ತನ ಮೇಜಿಗೆ, ಯೇಸುವಿನ ನೆನಪಿನ ರೊಟ್ಟಿ ಮತ್ತು ದ್ರಾಕ್ಷಾರಸಕ್ಕೆ, ಎಲ್ಲರೂ ಎದ್ದು ಹೋದರು. ಮಾವ ಏಳಲಿಲ್ಲ. ಇನ್ನೂ ಮೇಜಿಗೆ ಹೋಗುವ ವಯಸ್ಸಾಗದ ನಾವು ಮಕ್ಕಳು ಕೂರುವ ಹಿಂದಿನ ಬೆಂಚಿಗೆ ಬಂದು ನಮ್ಮ ನಡುವೆ ಕೂತರು. ಪಾದ್ರಿಯವರು ಆರಾಧನೆ ಮುಗಿಸಿ ಅಲ್ಲಿಗೇ ಬಂದರು.

"ಆಳುವವರಿಗೆ ಕತ್ತಿ ಕೊಟ್ಟವನು ದೇವರೇ. ನೀನು ಬರೀ ಆಳು. ಮುಂದಿನ ವಾರ ಬಾ."

"ಇರಬೋದು ಅಯ್ಯ. ಕತ್ತಿ ಅವರದು, ಸಾಣೆ ಹಿಡಿಯೋನು ನಾನು. ಯುದ್ಧ ನಿಲ್ಲೋವರೆಗೆ ಮೇಜಿಗೆ ನಾ ಬಾರೆ."

"ಹಾಗಾದ್ರೆ ಕೆಲಸ ಬಿಡು" ಎಂದು ಬಾಗಿಲ ಬಳಿಯಿಂದ ಯಾರೋ ಅಂದರು.

ಮಾವ ತಮ್ಮ ಮಕ್ಕಳ ಕಡೆ ನೋಡಿದರು. ಐದೂ ನನ್ನ ಪಕ್ಕದಲ್ಲೇ ಸಾಲಾಗಿ ಕೂತಿದ್ದವು.

ಯುದ್ಧ ನಿಂತಿತು. ನಾವು ಗೆದ್ದೆವು ಎಂದು ಚರ್ಚಿನ ಗಂಟೆ ಬಾರಿಸಿದರು, ಬೆಲ್ಲ ಹಂಚಿದರು. ಮಾವ ಇವತ್ತು ಮೇಜಿಗೆ ಹೋಗುತ್ತಾರೆಂದು ನಾವೆಲ್ಲ ತಿರುಗಿ ನೋಡಿದೆವು. ಅವರು ಅರ್ಧ ಎದ್ದರು, ಮತ್ತೆ ಕೂತರು. "ನಾಳೆ ಮೊದಲ ಶಿಫ್ಟು" ಎಂದರು, ನನಗೆ ಮಾತ್ರ ಕೇಳುವಂತೆ. ಯುದ್ಧ ನಿಂತರೂ ಮದ್ದು ನಿಂತಿರಲಿಲ್ಲ. ನಾನು ದೊಡ್ಡವಳಾಗಿ ಮೇಜಿಗೆ ಹೋದೆ, ಅವರ ಮಕ್ಕಳೂ ಹೋದರು. ಮಾವ ಹೊಸ ಹೊಸ ಮಕ್ಕಳ ನಡುವೆ ಕೂತೇ ಇದ್ದರು. ಪೆನ್ಷನ್ ಆದ ಮೇಲೆ ಹೋಗುತ್ತಾರೆ ಎಂದು ಅತ್ತೆ ಕಾಯುತ್ತಿದ್ದರು… ಅದಕ್ಕೆ ಮುಂಚೆಯೇ ಅವರು ತೀರಿಕೊಂಡರು.

ಅವರ ಕೋಟಿನಲ್ಲಿ ಇರುತ್ತಿದ್ದದ್ದು ಇನ್ನೂ ಸುಡದ ಮದ್ದಿನ ವಾಸನೆ. ಮೊಮ್ಮಗನ ಈ ಜಾಕೆಟ್ಟಿನಲ್ಲಿರುವುದು ಸುಟ್ಟದ್ದರ ವಾಸನೆ. ನೀರಿಗೆ ಹಾಕಿ, ಸೋಪು ಜಾಸ್ತಿಯೇ ಹಾಕಿದೆ.

ಸಂಜೆ ಮನೆತುಂಬ ಜನ. ರಾಗಿ ಹಿಟ್ಟಿನ ಮುದ್ದೆ, ಅವರೆಕಾಳಿನ ಸಾರು, ಕೋಳಿ. ನಾನೇ ಊಟದ ಸ್ತೋತ್ರ ಹೇಳಿದೆ, ಸಂತೋಷಕ್ಕೆ ಎರಡು ಸಲ ಹೇಳಿದೆ. ಊಟದ ನಡುವೆ ಕಿರಿಯ ಮೊಮ್ಮಗಳು ಕೇಳಿಬಿಟ್ಟಳು, "ಅಣ್ಣ, ನೀ ತುಪಾಕೀಲಿ ಯಾರನ್ನಾದ್ರೂ ಸುಟ್ಟೆಯಾ?"

"ಸುಮ್ಮನೆ ತಿನ್ನೇ!" ಎಂದು ಸೊಸೆ ಗದರಿದಳು.

ಅವನು ತಟ್ಟೆ ನೋಡುತ್ತಾ ಕೂತ. ಮಾವ ಇದ್ದಿದ್ದರೆ ಇಂಥ ಹೊತ್ತಿಗೆ ಅವನ ಪಕ್ಕ ಹೋಗಿ ಕೂರುತ್ತಿದ್ದರು. ನನಗೆ ಅಷ್ಟು ತಿಳಿಯದು. ಕೋಳಿಯ ಒಳ್ಳೆಯ ತುಂಡು ಹುಡುಕಿ ಅವನಿಗೆ ಹಾಕಿದೆ. "ಉಣ್ಣು ಮಗ" ಎಂದೆ.

ಉಂಡ. ನಾವೆಲ್ಲರೂ ಉಂಡೆವು.