ತಂಬಿಗೆಯೊಳಗಿನ ಎರಡು ಚೀಟಿ

ಆ ಬೆಳಿಗ್ಗೆಯೂ ರೊಟ್ಟಿ ಬಡಿದೆ, ನಳ ಬಂದಿದ್ದರಿಂದ ಕೊಡ ತುಂಬಿಸಿದೆ, ಮಗಳ ಡಬ್ಬಿಗೆ ಶೇಂಗಾ ಚಟ್ನಿ ಹಾಕಿದೆ. ಇಸ್ತ್ರಿ ಮಾಡಿಟ್ಟ ನೂಲಿನ ಸೀರೆಯನ್ನು ಮಾತ್ರ ಮತ್ತೆ ಮತ್ತೆ ಹೋಗಿ ನೋಡಿ ಬರುತ್ತಿದ್ದೆ. ರಾಮದುರ್ಗದ ನಮ್ಮದೇ ಓಣಿಯಾಚೆಯ ಶಾಲೆಯಲ್ಲಿ ಗಣಿತ ಕಲಿಸುವ ಕೆಲಸ ನನಗೆ ಸಿಕ್ಕಿತ್ತು. ಮಧ್ಯಾಹ್ನದೊಳಗೆ ಹ್ಞೂಂ ಅನ್ನಬೇಕಿತ್ತು.

ನಮ್ಮ ಮನೆಯಲ್ಲಿ ಇಂಥದ್ದನ್ನು ಮನುಷ್ಯರು ತೀರ್ಮಾನಿಸುವುದಿಲ್ಲ. ದೇವರ ಮುಂದೆ ಹಿತ್ತಾಳೆಯ ತಂಬಿಗೆ, ಅದರಲ್ಲಿ ಎರಡು ಚೀಟಿ: ‘ಹೋಗಲಿ’, ‘ಬ್ಯಾಡ’. ಅತ್ತೆ ತಂಬಿಗೆ ಅಲುಗಾಡಿಸಿದರು. ಮಗಳು ಕಣ್ಣು ಮುಚ್ಚಿ ಎತ್ತಿದಳು.

‘ಹೋಗಲಿ’ ಬಂತು.

ಅತ್ತೆ ಅದನ್ನು ಮಡಚಿ ಮತ್ತೆ ಒಳಗೆ ಹಾಕಿದರು. “ಚೀಟಿ ಚಲೋ ಕಲೆತಿದ್ದಿಲ್ಲ. ಇನ್ನೊಮ್ಮೆ ಎತ್ತವ್ವಾ.”

ಮತ್ತೆ ‘ಹೋಗಲಿ’. ಮಗಳು ಚಪ್ಪಾಳೆ ತಟ್ಟಿದಳು. ಅದೂ ಒಳಗೆ ಹೋಯಿತು. “ಕೈಗೆ ಚಟ್ನಿ ಹತ್ತೇತಿ ನಿಂಗ. ತೊಳಕೊಂಡ ಬಾ.”

ಬಾಗಿಲಲ್ಲಿದ್ದ ನನ್ನವರು ಮೊಬೈಲಿನಿಂದ ತಲೆ ಎತ್ತದೆ ಅಂದರು, “ಎರಡ ಸಲ ಅದ ಬಂತಲ್ಲ, ಈಗ ‘ಬ್ಯಾಡ’ದ ಪಾಳಿ.”

“ಪಾಳಿ ಅನ್ನೂದ ಇರಂಗಿಲ್ರಿ,” ಅಂದೆ. “ವಾಪಸ್ ಹಾಕಿದ ಮ್ಯಾಲೆ ಎರಡಕ್ಕೂ ಸಮ ಸಮ. ಹಿಂದ ಏನ ಬಂದಿತ್ತಂತ ತಂಬಿಗಿಗೇನ ಗೊತ್ತು?”

“ನಿನ್ನ ಕಾನ್ವೆಂಟ್ ಲೆಕ್ಕ ದೇವರ ಮುಂದ ಹಚ್ಚಬ್ಯಾಡ,” ಅಂದರು ಅತ್ತೆ.

ಕಾನ್ವೆಂಟಿನಲ್ಲಿ ಸಿಸ್ಟರ್ ಬಿಸ್ಕತ್ತಿನ ಡಬ್ಬಿಯಲ್ಲಿ ಕೆಂಪು, ನೀಲಿ ಗುಂಡಿ ಹಾಕಿ ಇದನ್ನೇ ಕಲಿಸಿದ್ದರು. ತೆಗೆದದ್ದನ್ನು ತಿರುಗಿ ಹಾಕಿದರೆ ಪ್ರತಿ ಸಲವೂ ಹೊಸದು. ಎತ್ತುತ್ತ ಹಾಕುತ್ತ ಹೋದರೆ ನೀಲಿ ಗುಂಡಿ ಯಾವಾಗಲಾದರೂ ಬಂದೀತು. ಅದು ಬಂದ ಕೂಡಲೇ ಡಬ್ಬಿ ಮುಚ್ಚುವವರ ಬಗ್ಗೆ ಸಿಸ್ಟರ್ ಹೇಳಿರಲಿಲ್ಲ.

ಮೂರನೆಯದು ‘ಬ್ಯಾಡ’.

ಅತ್ತೆ ಕೈ ಮುಗಿದರು. “ದೇವರ ಮಾತ ಮುಗೀತು.”

“ನಾ ಹೇಳಿದ್ದಿಲ್ಲೇನ?” ನನ್ನವರು ನಕ್ಕರು. ಅವರು ಹೇಳಿದ ಕಾರಣ ತಪ್ಪು. ಬಂದದ್ದು ಮಾತ್ರ ಅದೇ. ಯಾರಿಗೆ ಬಿಡಿಸಿ ಹೇಳಲಿ?

“ಆಯಿ, ಇನ್ನೊಮ್ಮೆ ಎತ್ತಲೇನ?” ಮಗಳು ಅಜ್ಜಿಯನ್ನು ಕೇಳಿದಳು. ಅತ್ತೆ ಆಗಲೇ ತಂಬಿಗೆಗೆ ನೀರು ತುಂಬಿಕೊಂಡು ತುಳಸಿಕಟ್ಟೆಗೆ ನಡೆದಿದ್ದರು.

ಮಧ್ಯಾಹ್ನ ಶಾಲೆಗೆ ಫೋನ್ ಮಾಡಿ ಬರುವುದಿಲ್ಲ ಅಂದೆ. ಕಾರಣ ಕೇಳಿದರು. ಮನೆಯಲ್ಲಿ ಅಡಚಣೆ ಅಂದೆ. ಸೀರೆಯನ್ನು ಮಡಿಕೆ ಕೆಡದಂತೆ ಕಪಾಟಿನ ತಳಕ್ಕೆ ಇಟ್ಟೆ.

ಸಂಜೆ ಕಟ್ಟೆಯ ಮೇಲೆ ಕುಳಿತು ಮೆಂತ್ಯದ ಸೊಪ್ಪು ಬಿಡಿಸುತ್ತಿದ್ದೆ. ಪೇಟೆಯಿಂದ ಬಂದ ಪಕ್ಕದ ಮನೆಯಾಕೆ ಚಪ್ಪಲಿ ಬಿಡದೆ ಅಲ್ಲೇ ನಿಂತಳು. ಅತ್ತೆ ಅವಳಿಗೆ ಎಲ್ಲ ಹೇಳಿಬಿಟ್ಟಿದ್ದರು.

“ಚಲೋನ ಆತ ಬಿಡ್ರಿ ವೈನಿ. ಹೆಂಗೂ ಮನ್ಯಾಗ ಇರ್ತೀರಿ, ನಾಳೆ ನಮ್ಮ ಸಿಲಿಂಡರ್ ಬರತೈತಿ, ಒಂದೀಟ ಇಳಿಸಿಕೊಂಡ ಇಡ್ರಿ.”